ಮನೆಯೇ ಬೆನ್ನಹಿಂದೆ ಬಂದರೆ: 'ದಿ ಲಾಂಗ್, ಲಾಂಗ್ ಟ್ರೇಲರ್' ನೋಡುವ ಬಗೆ

ಗಾಂಧಿನಗರದಲ್ಲಿ ಯಾರನ್ನಾದರೂ ನಿಲ್ಲಿಸಿ 'ಟ್ರೇಲರ್ ಎಂದರೇನು?' ಎಂದು ಕೇಳಿ ನೋಡಿ. ಮುಂದೆ ಬರಲಿರುವ ಚಿತ್ರದ ತುಣುಕು ಎಂಬ ಉತ್ತರವೇ ಬರುತ್ತದೆ. ಚಿತ್ರ ಬಿಡುಗಡೆಗೆ ಮೊದಲು ಟ್ರೇಲರ್ ಬರಬೇಕು, ಅದು ಚೆನ್ನಾಗಿದ್ದರೆ ಹಂಚಿಕೆದಾರ ಬರುತ್ತಾನೆ, ಚೆನ್ನಾಗಿಲ್ಲದಿದ್ದರೆ ಫೋನು ಎತ್ತುವುದಿಲ್ಲ. ಇದೇ ಪ್ರಶ್ನೆಯನ್ನು ಮಂಡ್ಯದ ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬು ತುಂಬಿಕೊಂಡು ಸಾಲಿನಲ್ಲಿ ನಿಂತ ರೈತನನ್ನು ಕೇಳಿದರೆ ಅವನು ತನ್ನ ಟ್ರ್ಯಾಕ್ಟರಿನ ಹಿಂದಿರುವ ಗಾಡಿಯನ್ನು ತೋರಿಸುತ್ತಾನೆ. ಪದದ ಮೂಲಾರ್ಥಕ್ಕೆ ಹತ್ತಿರವಿರುವವನು ರೈತನೇ. ಹಿಂದೆ ಎಳೆದುಕೊಂಡು ಬರುವುದು ಟ್ರೇಲರ್. ಸಿನಿಮಾದವರಿಗೆ ಈ ಹೆಸರು ಸಿಕ್ಕಿದ್ದೂ ಅದೇ ಕಾರಣಕ್ಕೆ. ಮೊದಮೊದಲು ಅಮೆರಿಕದಲ್ಲಿ ಮುಂದಿನ ಚಿತ್ರದ ಜಾಹೀರಾತನ್ನು ಆಗಿನ ಚಿತ್ರ ಮುಗಿದ ಮೇಲೆ ತೋರಿಸುತ್ತಿದ್ದರು. ಚಿತ್ರದ ಬಾಲಕ್ಕೆ ಕಟ್ಟಿಕೊಂಡು ಬರುತ್ತಿದ್ದ ಆ ತುಣುಕು ಕ್ರಮೇಣ ಚಿತ್ರದ ಮುಂದಕ್ಕೆ ಬಂದಿತು, ಹೆಸರು ಮಾತ್ರ ಹಿಂದೆಯೇ ಉಳಿಯಿತು.

ಈ ಲೇಖನದಲ್ಲಿ ಹೇಳಹೊರಟಿರುವ ಚಿತ್ರ ರೈತನ ಅರ್ಥದ ಟ್ರೇಲರಿನದು. 1954ರಲ್ಲಿ ಬಿಡುಗಡೆಯಾದ ಹಾಲಿವುಡ್ ಹಾಸ್ಯಚಿತ್ರ 'ದಿ ಲಾಂಗ್, ಲಾಂಗ್ ಟ್ರೇಲರ್'. ಆದರೆ ಇಲ್ಲಿ ಕಾರಿನ ಹಿಂದೆ ಬರುವುದು ಕಬ್ಬಲ್ಲ, ಒಂದು ಪೂರ್ಣ ಮನೆ. ಆಗತಾನೇ ಮದುವೆಯಾದ ಗಂಡಹೆಂಡಿರು ತಮ್ಮ ಮನೆಯನ್ನು ಕಾರಿಗೆ ಕಟ್ಟಿಕೊಂಡು ದೇಶ ಸುತ್ತಲು ಹೊರಡುತ್ತಾರೆ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ನಮ್ಮ ಗಾದೆ ಎರಡು ಕಷ್ಟಗಳನ್ನು ಬೇರೆಬೇರೆಯಾಗಿ ಎಣಿಸುತ್ತದೆ. ಈ ದಂಪತಿಗಳು ಎರಡನ್ನೂ ಒಟ್ಟಿಗೆ ತಲೆಯ ಮೇಲೆ ಹಾಕಿಕೊಂಡು, ಸಾಲದ್ದಕ್ಕೆ ಅದಕ್ಕೆ ಚಕ್ರವನ್ನೂ ಜೋಡಿಸುತ್ತಾರೆ.

ಹಾಸ್ಯಚಿತ್ರವನ್ನು ನಾವು ಸಾಮಾನ್ಯವಾಗಿ ನೋಡುತ್ತೇವೆ, ನಗುತ್ತೇವೆ, ಮರೆಯುತ್ತೇವೆ. ಅಳಿಸುವ ಚಿತ್ರಕ್ಕೆ ಸಿಗುವ ಗೌರವ ನಗಿಸುವ ಚಿತ್ರಕ್ಕೆ ಸಿಗುವುದಿಲ್ಲ. ಪ್ರಶಸ್ತಿಗಳ ಪಟ್ಟಿಯನ್ನು ತೆಗೆದು ನೋಡಿದರೆ ಇದು ನಿಮಗೇ ತಿಳಿಯುತ್ತದೆ. ಆದರೆ ನಗು ಹುಟ್ಟಿಸುವುದರ ಹಿಂದೆ ಒಂದು ಲೆಕ್ಕಾಚಾರವಿದೆ. ಈ ಚಿತ್ರದಲ್ಲಿ ಆ ಲೆಕ್ಕಾಚಾರ ಬರಿಗಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ. ಅದಕ್ಕಾಗಿಯೇ ವಿದ್ಯಾರ್ಥಿಗಳಾದ ನೀವು ಇದನ್ನು ಒಮ್ಮೆಯಾದರೂ ನೋಡಬೇಕು ಎನ್ನುತ್ತೇನೆ.

ಕಥೆ ಇಷ್ಟು

ಟೇಸಿ ಮತ್ತು ನಿಕಿ ಮದುವೆ ನಿಶ್ಚಯವಾದ ಜೋಡಿ. ನಿಕಿ ಸಿವಿಲ್ ಇಂಜಿನಿಯರು. ಒಂದು ಕಾಮಗಾರಿ ಮುಗಿದರೆ ಇನ್ನೊಂದು ಊರು. ನಮ್ಮಲ್ಲಿ ಶರಾವತಿ, ಕಾಳಿ ಯೋಜನೆಗಳ ಕಾಲದಲ್ಲಿ ಇಂಜಿನಿಯರರ ಸಂಸಾರಗಳು ಕ್ಯಾಂಪಿನಿಂದ ಕ್ಯಾಂಪಿಗೆ ಟ್ರಂಕು, ಹಾಸಿಗೆ ಸುರುಳಿ ಹೊತ್ತು ಹೋದದ್ದನ್ನು ನಿಮ್ಮ ಅಜ್ಜಿಯರು ಹೇಳಿಯಾರು. ಟೇಸಿಗೆ ಆ ಅಲೆದಾಟ ಬೇಡ, ಗಂಡನನ್ನು ಬಿಟ್ಟು ಒಂದು ಊರಿನಲ್ಲಿ ಕೂರುವುದೂ ಬೇಡ. ಅವಳ ತರ್ಕ ಸರಳ: ಒಂದು ಟ್ರೇಲರ್ ಕೊಂಡರೆ ಎಲ್ಲಿ ಹೋದರೂ ಮನೆ ನಮ್ಮದೇ, ಬಾಡಿಗೆಯೂ ಉಳಿಯುತ್ತದೆ. ನಿಕಿ ಅರೆಮನಸ್ಸಿನಿಂದ ಒಪ್ಪುತ್ತಾನೆ. ಚಿಕ್ಕದೊಂದನ್ನು ನೋಡಲು ಪ್ರದರ್ಶನಕ್ಕೆ ಹೋಗುತ್ತಾರೆ. ಅಲ್ಲಿ ಹಳದಿ ಬಣ್ಣದ 'ನ್ಯೂ ಮೂನ್' ಎಂಬ ದೊಡ್ಡ ಟ್ರೇಲರ್ ಟೇಸಿಯ ಕಣ್ಣಿಗೆ ಬೀಳುತ್ತದೆ. ಅಲ್ಲಿಗೆ ಚಿಕ್ಕದರ ಮಾತು ಮುಗಿಯಿತು.

ಆ ಟ್ರೇಲರಿನ ಉದ್ದ 36 ಅಡಿ, ಅಂದರೆ ಸುಮಾರು 11 ಮೀಟರು. ಹೆಚ್ಚುಕಡಿಮೆ ನಮ್ಮ ಒಂದು ಸಿಟಿ ಬಸ್ಸಿನಷ್ಟು. ಒಂದು ಕಾರು ಒಂದು ಸಿಟಿ ಬಸ್ಸನ್ನು ಎಳೆದುಕೊಂಡು ನಂದಿಬೆಟ್ಟ ಹತ್ತುವುದನ್ನು ಕಲ್ಪಿಸಿಕೊಳ್ಳಿ, ಮುಂದಿನ ಕಥೆಯ ಅರ್ಧಭಾಗ ನಿಮಗೆ ತಾನಾಗಿಯೇ ಹೊಳೆಯುತ್ತದೆ. ಟ್ರೇಲರ್ ಕೊಂಡ ಮೇಲೆ ಅದನ್ನು ಎಳೆಯಲು ಶಕ್ತಿಯುಳ್ಳ ಹೊಸ ಕಾರು ಬೇಕಾಗುತ್ತದೆ. ಕಾರಿಗೆ ಕೊಂಡಿ, ಅದಕ್ಕೆ ಬೇರೆ ಬ್ರೇಕು. ಬಾಡಿಗೆ ಉಳಿಸಲು ಹೊರಟ ಲೆಕ್ಕ ಹಾಗೆಯೇ ಬೆಳೆಯುತ್ತ ಹೋಗುತ್ತದೆ.

ಮದುವೆಯಾಗುತ್ತದೆ, ಪ್ರಯಾಣ ಹೊರಡುತ್ತದೆ. ಮೊದಲ ರಾತ್ರಿ ಟ್ರೇಲರುಗಳು ಸಾಲಾಗಿ ತಂಗುವ ಪಾರ್ಕಿನಲ್ಲಿ ಸಹಾಯ ಮಾಡುವ ಹುಮ್ಮಸ್ಸಿನ ನೆರೆಹೊರೆಯವರೆಲ್ಲ ಒಳಗೆ ನುಗ್ಗುತ್ತಾರೆ. ಗಂಡಹೆಂಡಿರಿಗೆ ಒಂದು ಮಾತಾಡಲೂ ಏಕಾಂತವಿಲ್ಲ. ಇದು ಸಾಕೆಂದು ಇನ್ನೊಂದು ರಾತ್ರಿ ಯಾರೂ ಇಲ್ಲದ ಕಾಡಿನ ದಾರಿಗೆ ಹೋದರೆ ಮಳೆ, ಕೆಸರು, ವಾಲಿ ನಿಂತ ಮನೆ. ಬಂಧುಗಳ ಮನೆಗೆ ಹೋದಾಗ ಟ್ರೇಲರನ್ನು ಹಿಂದಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಆ ಮನೆಯವರು ಪ್ರೀತಿಯಿಂದ ಬೆಳೆಸಿದ ಗುಲಾಬಿ ಗಿಡವೂ ಮನೆಯ ಒಂದು ಭಾಗವೂ ನೆಲಸಮ. ಕೊನೆಗೆ ಸುಮಾರು 8,000 ಅಡಿ ಎತ್ತರದ ಬೆಟ್ಟದ ದಾರಿ. ಅಲ್ಲಿ ಏನಾಗುತ್ತದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಅದೇ ಚಿತ್ರದ ಜೀವ.

ಟಿವಿಯಲ್ಲಿ ಪುಕ್ಕಟೆ ಸಿಗುವವರನ್ನು ದುಡ್ಡು ಕೊಟ್ಟು ಯಾರು ನೋಡುತ್ತಾರೆ?

ಟೇಸಿಯಾಗಿ ನಟಿಸಿದವರು ಲೂಸಿಲ್ ಬಾಲ್, ನಿಕಿಯಾಗಿ ನಟಿಸಿದವರು ದೇಸಿ ಅರ್ನಾಜ್. ಇವರಿಬ್ಬರೂ ನಿಜಜೀವನದಲ್ಲೂ ಗಂಡಹೆಂಡಿರು. ಚಿತ್ರಕ್ಕೆ ಬರುವ ಮೊದಲೇ ಅಮೆರಿಕದ ಮನೆಮನೆಗೂ ಪರಿಚಿತರು. 1951ರ ಅಕ್ಟೋಬರಿನಲ್ಲಿ ಆರಂಭವಾದ 'ಐ ಲವ್ ಲೂಸಿ' ಎಂಬ ಟಿವಿ ಧಾರಾವಾಹಿ ಅವರನ್ನು ಆ ಎತ್ತರಕ್ಕೆ ಏರಿಸಿತ್ತು. 1953ರ ಜನವರಿ 19ರಂದು ಧಾರಾವಾಹಿಯ ಲೂಸಿಗೆ ಮಗು ಹುಟ್ಟುವ ಕಂತನ್ನು ಸುಮಾರು 4 ಕೋಟಿ 40 ಲಕ್ಷ ಜನ ನೋಡಿದರೆಂದು ಅಂದಾಜು. ಮರುದಿನ ನಡೆದ ಅಧ್ಯಕ್ಷ ಐಸೆನ್‌ಹೋವರ್ ಅವರ ಪ್ರಮಾಣವಚನವನ್ನು ನೋಡಿದವರು ಅದಕ್ಕಿಂತ ಕಡಿಮೆ!

ಹೀಗಿರುವಾಗ ಎಂಜಿಎಂ ಸಂಸ್ಥೆ ಇವರನ್ನೇ ಹಾಕಿ ಚಿತ್ರ ಮಾಡಲು ಹೊರಟಿತು. ಸಂಸ್ಥೆಯ ಒಳಗೇ ಅನುಮಾನವಿತ್ತು. ವಾರವಾರವೂ ಮನೆಯಲ್ಲಿ ಕುಳಿತು ಪುಕ್ಕಟೆಯಾಗಿ ನೋಡುವ ಜೋಡಿಯನ್ನು ಜನ ಟಿಕೆಟು ಕೊಂಡು ನೋಡಲು ಬರುತ್ತಾರೆಯೇ? ಅರ್ನಾಜ್ ಅವರಿಗೆ ಅನುಮಾನವಿರಲಿಲ್ಲ. ಇದೇ ಸಂಸ್ಥೆಯ ದೊಡ್ಡ ಯಶಸ್ಸಾಗಿದ್ದ 'ಫಾದರ್ ಆಫ್ ದಿ ಬ್ರೈಡ್' (1950) ಚಿತ್ರಕ್ಕಿಂತ ಹೆಚ್ಚು ಗಳಿಕೆ ಬರುತ್ತದೆಂದು ಅವರು 25,000 ಡಾಲರಿನ ಪಂತ ಕಟ್ಟಿದರೆಂಬ ಕಥೆ ಪ್ರಸಿದ್ಧ. ಚಿತ್ರ ಗೆದ್ದಿತು.

ಈ ಪ್ರಶ್ನೆ ಗಾಂಧಿನಗರಕ್ಕೂ ಅಪರಿಚಿತವಲ್ಲ. ಬೆಂಗಳೂರಿಗೆ ದೂರದರ್ಶನ ಬಂದದ್ದು 1980ರ ದಶಕದ ಆರಂಭದಲ್ಲಿ. ಟಿವಿಯಲ್ಲಿ ಸಿನಿಮಾ ಬರುವ ಹೊತ್ತಿಗೆ ಬೀದಿಗಳು ಖಾಲಿಯಾಗುತ್ತಿದ್ದವು, ಚಿತ್ರಮಂದಿರದವರ ಮುಖವೂ ಖಾಲಿಯಾಗುತ್ತಿತ್ತು. ಆದರೆ ಅದೇ ಟಿವಿ ಸಿನಿಮಾಕ್ಕೆ ಕಲಾವಿದರನ್ನೂ ಕೊಟ್ಟಿತು. ಬೆಂಗಳೂರು ದೂರದರ್ಶನದ 'ಸಿಹಿ ಕಹಿ' ಧಾರಾವಾಹಿಯನ್ನು ನೆನೆಯಿರಿ. ಅದರಲ್ಲಿ ನಟಿಸಿದ ಚಂದ್ರು ಮತ್ತು ಗೀತಾ ನಿಜಜೀವನದಲ್ಲೂ ದಂಪತಿಗಳಾದರು. ಇಂದಿಗೂ ನಾಡು ಅವರನ್ನು ಗುರುತಿಸುವುದು ಸಿಹಿ ಕಹಿ ಚಂದ್ರು, ಸಿಹಿ ಕಹಿ ಗೀತಾ ಎಂದೇ. ಧಾರಾವಾಹಿಯ ಹೆಸರೇ ಮನೆತನದ ಹೆಸರಾಗಿಬಿಟ್ಟ ಉದಾಹರಣೆ ಅಮೆರಿಕದಲ್ಲೂ ಸಿಗಲಾರದು! ಚಂದ್ರು ಮುಂದೆ ಚಲನಚಿತ್ರಗಳಲ್ಲೂ ನಗಿಸಿದರು, 'ಪಾಪ ಪಾಂಡು'ವಿನಂಥ ಹಾಸ್ಯ ಧಾರಾವಾಹಿಗಳನ್ನು ನಿರ್ಮಿಸಿದರು. ಟಿವಿಯ ಗಂಡಹೆಂಡಿರ ಜಗಳ ನಮಗೂ ಬಹಳ ಬೇಕಾದ ವಸ್ತು.

ಎಂಜಿಎಂನವರು ಒಂದು ಜಾಣತನ ಮಾಡಿದರು ಎನ್ನಬೇಕು. ಧಾರಾವಾಹಿಯ ದಂಪತಿಗಳ ಹೆಸರು ಲೂಸಿ, ರಿಕಿ. ಚಿತ್ರದಲ್ಲಿ ಟೇಸಿ, ನಿಕಿ. ಪ್ರಾಸ ತಪ್ಪಿಲ್ಲ, ಪ್ರೇಕ್ಷಕ ದಾರಿ ತಪ್ಪುವುದೂ ಇಲ್ಲ. ಆದರೆ ಟಿವಿಯಲ್ಲಿ ಕಾಣದ್ದನ್ನು ಇಲ್ಲಿ ಕೊಟ್ಟರು. ಆ ಧಾರಾವಾಹಿ ಹೆಚ್ಚಾಗಿ ಒಂದು ಮನೆಯ ನಡುಕೋಣೆಯಲ್ಲಿ ನಡೆಯುವಂಥದು, ಕಪ್ಪುಬಿಳುಪಿನದು. ಚಿತ್ರ ಬಣ್ಣದ್ದು, ಯೊಸೆಮಿಟಿಯ ಕಾಡು ಮತ್ತು ಕ್ಯಾಲಿಫೋರ್ನಿಯದ ಬೆಟ್ಟಗಳ ಬಯಲಿನದು. ಅದೇ ಜೋಡಿಯನ್ನು ನಡುಕೋಣೆಯಿಂದ ಹೊರಗೆ ತಂದರು, ನಡುಕೋಣೆಯನ್ನೂ ಜೊತೆಗೆ ತಂದರು. ಮನೆಯಲ್ಲಿ ಸಿಗದ್ದನ್ನು ಚಿತ್ರಮಂದಿರ ಕೊಡಬೇಕು ಎಂಬ ಪಾಠ ಅಂದೂ ಇತ್ತು. ಗಾಂಧಿನಗರದಲ್ಲಿ ಇಂದು ಕಪಾಲಿ ಚಿತ್ರಮಂದಿರವಿಲ್ಲ, ಆ ಪ್ರದೇಶಕ್ಕೇ ಹೆಸರು ಕೊಟ್ಟ ಮೆಜೆಸ್ಟಿಕ್ ಚಿತ್ರಮಂದಿರವೂ ಇಲ್ಲ. ಈಗ ಎಲ್ಲರ ಅಂಗೈಯಲ್ಲೇ ಪರದೆ ಇದೆ. 70 ವರ್ಷದ ಹಿಂದಿನ ಪ್ರಶ್ನೆ ಹಳೆಯದಾಗಿಲ್ಲ.

ಇನ್ನೊಂದು ಸ್ವಾರಸ್ಯ. ಚಿತ್ರಕಥೆ ಬರೆದವರೂ ಗಂಡಹೆಂಡಿರೇ: ಫ್ರಾನ್ಸೆಸ್ ಗುಡ್ರಿಚ್ ಮತ್ತು ಆಲ್ಬರ್ಟ್ ಹ್ಯಾಕೆಟ್. ಕ್ಲಿಂಟನ್ ಟ್ವಿಸ್ ಎಂಬವರ ಕಾದಂಬರಿಯನ್ನು ಆಧರಿಸಿ ಅವರು ಇದನ್ನು ಬರೆದರು. ಇದೇ ಜೋಡಿ ಮುಂದೆ ಆನ್ ಫ್ರಾಂಕ್‌ಳ ದಿನಚರಿಯನ್ನು ನಾಟಕವಾಗಿಸಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ನಿರ್ದೇಶಕ ವಿನ್ಸೆಂಟ್ ಮಿನೆಲ್ಲಿ 'ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್' (1951) ಮಾಡಿದವರು, ಬಣ್ಣ ಮತ್ತು ಅಲಂಕಾರದ ಬಗ್ಗೆ ಸೂಕ್ಷ್ಮ ಕಣ್ಣುಳ್ಳವರು. ಆ ಹಳದಿ ಟ್ರೇಲರ್ ಹಸಿರು ಕಾಡಿನ ನಡುವೆ ಬರುವಾಗ ಅವರ ಕಣ್ಣು ನಿಮಗೆ ಕಾಣುತ್ತದೆ.

ನಗುವಿನ ಹಿಂದಿನ ಭೌತಶಾಸ್ತ್ರ

ಈಗ ಲೆಕ್ಕಾಚಾರಕ್ಕೆ ಬರೋಣ. ಟ್ರೇಲರಿಗೆ ಕೆಲವು ನಿಯಮಗಳಿವೆ. ಚಿತ್ರ ಅವನ್ನು ಮೊದಲೇ ನಮಗೆ ಹೇಳಿಬಿಡುತ್ತದೆ.

ಬ್ರೇಕು ಮೊದಲನೆಯದು. ಟ್ರೇಲರಿಗೆ ಬೇರೆ ಬ್ರೇಕು ಇದೆ, ಅದನ್ನೇ ಮೊದಲು ಹಾಕಬೇಕು ಎಂದು ನಿಕಿಗೆ ಮತ್ತೆಮತ್ತೆ ತಾಕೀತು ಮಾಡಲಾಗುತ್ತದೆ. ಏಕೆ? ಕಾರು ಮಾತ್ರ ನಿಂತರೆ ಹಿಂದಿನ ಟ್ರೇಲರ್ ನಿಲ್ಲುವುದಿಲ್ಲ. ಅದು ತನ್ನ ವೇಗದಲ್ಲೇ ಮುಂದಕ್ಕೆ ನುಗ್ಗಿ ಕಾರನ್ನು ತಳ್ಳುತ್ತದೆ. ಇಳಿಜಾರಿನಲ್ಲಾದರೆ ಕೊಂಡಿಯ ಹತ್ತಿರ ಎರಡೂ ಮಡಚಿಕೊಂಡು ರಸ್ತೆಗೆ ಅಡ್ಡ ಬೀಳಬಹುದು. ನ್ಯೂಟನ್ನನ ಮೊದಲ ನಿಯಮ ಪರೀಕ್ಷೆಗೆ ಮಾತ್ರ ಎಂದುಕೊಂಡವರು ಇದನ್ನು ಗಮನಿಸಬೇಕು. ತಾಕೀತು ಕೇಳಿಕೇಳಿ ನಿಕಿಯ ತಲೆಯಲ್ಲಿ ಬ್ರೇಕಿನ ಮಾತು ಬಿಟ್ಟು ಬೇರೆ ಏನೂ ಉಳಿಯುವುದಿಲ್ಲ. ಹೊಸದಾಗಿ ಗಾಡಿ ಕಲಿತವರ ಮುಖವನ್ನು ನೋಡಿದ್ದೀರಲ್ಲ, ಅದೇ ಮುಖ.

ಮಟ್ಟದ ವಿಷಯವೂ ಹೀಗೆಯೇ. ಮನೆ ಕಟ್ಟುವ ಮೇಸ್ತ್ರಿ ಹೆಜ್ಜೆಹೆಜ್ಜೆಗೂ ರಸಮಟ್ಟ ಇಟ್ಟು ನೋಡುತ್ತಾನೆ, ಏಕೆಂದರೆ ಒಮ್ಮೆ ಕಟ್ಟಿದ ಮೇಲೆ ಮತ್ತೆ ನೋಡಬೇಕಾಗಿಲ್ಲ. ಚಕ್ರದ ಮನೆಗೆ ಪ್ರತಿ ರಾತ್ರಿಯೂ ಹೊಸ ನೆಲ. ಕಾಡಿನ ದಾರಿಯಲ್ಲಿ ಒಂದು ಪಕ್ಕ ಕೆಸರಿನಲ್ಲಿ ಹೂತಾಗ ಒಳಗಿನ ಹಾಸಿಗೆ ಜಾರುಬಂಡೆಯಾಗುತ್ತದೆ. ಟೇಸಿ ಮಲಗಲು ಪಡುವ ಪಾಡು, ಬಾಗಿಲಿನಿಂದ ನೇರವಾಗಿ ಕೆಸರಿಗೆ ಬೀಳುವುದು, ಎಲ್ಲಕ್ಕೂ ಕಾರಣ ಆ ವಾಲಿದ ನೆಲವೊಂದೇ. ಲೂಸಿಲ್ ಬಾಲ್ ಇಲ್ಲಿ ಮುಖ ತಿರುಚಿ ನಗಿಸುವುದಿಲ್ಲ. ವಾಲಿದ ಮನೆಯಲ್ಲಿ ಮರ್ಯಾದೆಯಿಂದ ಮಲಗಲು ಪ್ರಯತ್ನಿಸುವ ಹೆಣ್ಣಾಗಿಯೇ ಕೊನೆಯವರೆಗೂ ಇರುತ್ತಾರೆ. ನಗು ಬರುವುದು ಆ ಪ್ರಯತ್ನದ ಪ್ರಾಮಾಣಿಕತೆಯಿಂದ. ನಮ್ಮ ಹಾಸ್ಯನಟರಲ್ಲಿ ನರಸಿಂಹರಾಜು ಅವರಿಗೆ ಈ ಗುಟ್ಟು ಗೊತ್ತಿತ್ತು. ಪಾತ್ರಕ್ಕೆ ತಾನು ತಮಾಷೆಯವನೆಂಬುದು ಗೊತ್ತಿರಬಾರದು. ಅವರು ರಾಜಕುಮಾರ್ ಅವರೊಂದಿಗೆ 'ಬೇಡರ ಕಣ್ಣಪ್ಪ'ದಲ್ಲಿ ತೆರೆಗೆ ಬಂದದ್ದೂ ಇದೇ 1954ರಲ್ಲಿ ಎಂಬುದು ಕಾಕತಾಳೀಯವಾದರೂ ನೆನಪಿಡಲು ಅನುಕೂಲ.

ಹಿಂದಕ್ಕೆ ತೆಗೆಯುವ ಕಷ್ಟವನ್ನು ಟ್ರ್ಯಾಕ್ಟರ್ ಓಡಿಸಿದವರು ಬಲ್ಲರು. ಟ್ರೇಲರಿನ ಹಿಂಭಾಗ ಬಲಕ್ಕೆ ಹೋಗಬೇಕೆಂದರೆ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಬೇಕು. ಕೈಗೆ ಗೊತ್ತಾಗುವವರೆಗೆ ಬುದ್ಧಿ ಒಪ್ಪುವುದಿಲ್ಲ. ಬಂಧುಗಳ ಅಂಗಳದ ದೃಶ್ಯದಲ್ಲಿ ಸುತ್ತ ನಿಂತವರೆಲ್ಲ ಏಕಕಾಲದಲ್ಲಿ ಸಲಹೆ ಕೊಡುತ್ತಾರೆ. 'ಬಿಡಿ ಬಿಡಿ, ರೈಟ್ ರೈಟ್' ಎನ್ನುವ ನಮ್ಮ ಬೀದಿಯ ಉಚಿತ ಸಲಹೆಗಾರರನ್ನು ಇಲ್ಲಿ ಕಾಣಬಹುದು. ಗುಲಾಬಿ ಗಿಡ ಹೋಗುತ್ತದೆಂದು ನಮಗೆ ಮೊದಲೇ ಗೊತ್ತು. ಹಾಗಿದ್ದರೂ ನಗುತ್ತೇವೆ. ಏಕೆಂದರೆ ಹಾಸ್ಯದಲ್ಲಿ ಆಶ್ಚರ್ಯಕ್ಕಿಂತ ನಿರೀಕ್ಷೆಗೆ ಬಲ ಹೆಚ್ಚು. ಬೀಳುವವನನ್ನು ನೋಡಿ ನಗುವುದಕ್ಕಿಂತ ಬಾಳೆಹಣ್ಣಿನ ಸಿಪ್ಪೆಯನ್ನೂ ಬರುತ್ತಿರುವವನನ್ನೂ ಒಟ್ಟಿಗೆ ನೋಡಿ ನಗುವುದು ಹೆಚ್ಚು.

ಅಡುಗೆಯ ದೃಶ್ಯದಲ್ಲಿ ಇದೇ ಸೂತ್ರ ಇನ್ನಷ್ಟು ಚೊಕ್ಕವಾಗಿದೆ. ನಿಕಿ ಕಾರಿನಲ್ಲಿ ಓಡಿಸುತ್ತಿದ್ದಾನೆ. ಊರು ತಲುಪಿದ ಕೂಡಲೇ ಬಿಸಿಬಿಸಿ ಊಟ ಬಡಿಸುತ್ತೇನೆಂದು ಟೇಸಿ ಓಡುವ ಟ್ರೇಲರಿನಲ್ಲೇ ಅಡುಗೆಗೆ ನಿಂತಿದ್ದಾಳೆ. ರಸ್ತೆಯ ಪ್ರತಿ ತಿರುವೂ ಅವಳ ಅಡುಗೆಮನೆಗೆ ಭೂಕಂಪ. ಪಾತ್ರೆ, ಸೊಪ್ಪು, ಹಿಟ್ಟು, ಕೊನೆಗೆ ಅವಳೇ, ಎಲ್ಲವೂ ಗೋಡೆಯಿಂದ ಗೋಡೆಗೆ. ಮುಂದೆ ಕುಳಿತವನಿಗೆ ಇದಾವುದೂ ತಿಳಿಯದು. ಒಂದೇ ಕೊಂಡಿಗೆ ಕಟ್ಟಿದ ಎರಡು ಲೋಕಗಳು. ಸಂಕಲನದ ಬಗ್ಗೆ ಓದುತ್ತಿರುವವರು ಈ ದೃಶ್ಯವನ್ನು ಧ್ವನಿ ನಿಲ್ಲಿಸಿ ಒಮ್ಮೆ ನೋಡಿ. ಒಂದು ಮಾತೂ ಇಲ್ಲದೆ ಪೂರ್ತಿ ಅರ್ಥವಾಗುತ್ತದೆ. (ಓಡುವ ಟ್ರೇಲರಿನೊಳಗೆ ನಿಂತು ಪ್ರಯಾಣ ಮಾಡುವುದು ಅಪಾಯಕರ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಟೇಸಿಯನ್ನು ನೋಡಿದ ಮೇಲೆ ಯಾರೂ ಪ್ರಯತ್ನಿಸಲಾರರು.)

ಕಲ್ಲುಗಳು

ಟೇಸಿಗೆ ಒಂದು ಅಭ್ಯಾಸ. ತಂಗಿದ ಪ್ರತಿ ಊರಿನಿಂದಲೂ ನೆನಪಿಗೆಂದು ಒಂದೊಂದು ಕಲ್ಲು ತೆಗೆದುಕೊಳ್ಳುತ್ತಾಳೆ. ಬೆರಳಿನಲ್ಲಿ ಹಿಡಿಯುವ ಹರಳಲ್ಲ, ಎತ್ತಿದರೆ ಸೊಂಟ ಹಿಡಿಯುವಂಥ ಕಲ್ಲು. ಮುಂದೊಂದು ದಿನ ಸ್ವಂತ ಮನೆ ಕಟ್ಟಿದಾಗ ಅಂಗಳಕ್ಕೆ ಹಾಕಬೇಕು ಎಂಬ ಆಸೆ. ಜೊತೆಗೆ ಹಣ್ಣುಗಳನ್ನು ಜಾಡಿಯಲ್ಲಿ ತುಂಬಿಡುವ ಕೆಲಸವೂ ನಡೆಯುತ್ತದೆ. ಇದನ್ನು ನೋಡುವಾಗ ನಮ್ಮ ಚಾಮರಾಜಪೇಟೆ, ಬಸವನಗುಡಿಗಳ ಬಾಡಿಗೆ ಸಂಸಾರಗಳು ಮನೆ ಬದಲಾಯಿಸುತ್ತಿದ್ದ ದೃಶ್ಯ ನೆನಪಾಗದೆ ಇರದು. ಗಾಡಿ ತುಂಬಿದ ಮೇಲೆ ಕೊನೆಗೆ ಉಳಿಯುತ್ತಿದ್ದವು ಎರಡೇ: ಉಪ್ಪಿನಕಾಯಿ ಜಾಡಿ ಮತ್ತು ರುಬ್ಬುವ ಕಲ್ಲು. ಜಾಡಿಯನ್ನು ಅಜ್ಜಿ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ಕಲ್ಲಿನ ಹತ್ತಿರ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. 'ಇದನ್ನು ಇಲ್ಲೇ ಬಿಟ್ಟರೆ?' ಎಂದು ಕೇಳುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ.

ನಿಕಿ ಆ ಧೈರ್ಯ ಮಾಡುತ್ತಾನೆ. ಮುಂದೆ 8,000 ಅಡಿಯ ಬೆಟ್ಟವಿದೆ, ಕಡಿದಾದ ಕಿರಿದಾದ ದಾರಿ. ಕಲ್ಲುಗಳನ್ನು ಎಸೆಯಲೇಬೇಕು ಎನ್ನುತ್ತಾನೆ. ಇಂಜಿನಿಯರನ ಮಾತು ಸುಳ್ಳಲ್ಲ. ಹತ್ತು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ರಸ್ತೆಯಲ್ಲಿ ಪ್ರತಿ 100 ಕಿಲೋ ಭಾರಕ್ಕೂ ಕಾರು ಹೆಚ್ಚುಕಡಿಮೆ 10 ಕಿಲೋ ಭಾರದಷ್ಟು ಹೆಚ್ಚುವರಿ ಬಲದಿಂದ ಎಳೆಯಬೇಕು. ಅದೂ ನಿಲ್ಲದೆ, ಏರು ಮುಗಿಯುವವರೆಗೆ. ಇಳಿಯುವಾಗ ಅದೇ ಭಾರ ಬೆನ್ನಿಗೆ ನೂಕುತ್ತದೆ. ಟೇಸಿ ಒಪ್ಪಿದಂತೆ ಕಾಣುತ್ತಾಳೆ. ಆದರೆ ಕಲ್ಲುಗಳನ್ನು ಎಸೆಯಲು ಮನಸ್ಸು ಬಾರದೆ ಟ್ರೇಲರಿನೊಳಗೆ ಅಲ್ಲಲ್ಲಿ ಬಚ್ಚಿಡುತ್ತಾಳೆ.

ಬೆಟ್ಟ ಹತ್ತುವ ಈ ಭಾಗವನ್ನು ಕ್ಯಾಲಿಫೋರ್ನಿಯದ ವಿಟ್ನಿ ಪರ್ವತದ ಬುಡಕ್ಕೆ ಹೋಗುವ ರಸ್ತೆಯಲ್ಲಿ ಚಿತ್ರೀಕರಿಸಲಾಯಿತು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಪಾತಾಳ. ಕಾರಿನಲ್ಲಿ ಇಬ್ಬರೂ ಹೆದರಿದ್ದಾರೆ. ಹೆದರಿಕೆ ಮುಚ್ಚಲು ಸಂಬಂಧವಿಲ್ಲದ ಏನೇನೋ ಮಾತಾಡುತ್ತಾರೆ. ನಿಕಿಗೆ ರಸ್ತೆಯ ಹೆದರಿಕೆ ಮಾತ್ರ. ಟೇಸಿಗೆ ರಸ್ತೆಯದೂ ಹೌದು, ಹಿಂದಿರುವ ಕಲ್ಲುಗಳದೂ ಹೌದು. ನಮಗೆ ಎರಡೂ ಗೊತ್ತು. ಗಮನಿಸಿ, ಈವರೆಗೆ ನಾವು ನಗುತ್ತಿದ್ದ ಬ್ರೇಕು, ಇಳಿಜಾರು, ಉದ್ದ, ಭಾರ ಎಲ್ಲವೂ ಇಲ್ಲಿ ಒಟ್ಟಿಗೆ ಬಂದು ಸೇರಿವೆ. ಅವೇ ವಸ್ತುಗಳು, ಅವೇ ನಿಯಮಗಳು. ಆದರೆ ನಗು ಗಂಟಲಲ್ಲೇ ನಿಲ್ಲುತ್ತದೆ. ಮೊದಲು ಬಿತ್ತಿದ್ದನ್ನು ಕೊನೆಗೆ ಕೊಯ್ಯುವುದು ಎಂದರೆ ಇದು. ನಡುವೆ ತಂದು ಸೇರಿಸಿದ ಖಳನಾಯಕನೂ ಇಲ್ಲ, ಆಕಸ್ಮಿಕವೂ ಇಲ್ಲ.

ಕಲ್ಲುಗಳು ಉರುಳುತ್ತವೆ. ನಿಕಿಗೆ ಗೊತ್ತಾಗುತ್ತದೆ. ಅವನು ಒಂದೊಂದನ್ನೇ ಎತ್ತಿ ಕಣಿವೆಗೆ ಎಸೆಯುತ್ತಾನೆ. ಅವನು ಎಸೆಯುತ್ತಿರುವುದು ಕಲ್ಲನ್ನಲ್ಲ ಎಂಬುದು ಟೇಸಿಯ ಮುಖ ನೋಡಿದರೆ ತಿಳಿಯುತ್ತದೆ. ಅವಳಿಗೆ ಅವು ಒಟ್ಟಿಗೆ ಕಳೆದ ದಿನಗಳ ಲೆಕ್ಕ, ಮುಂದೆ ಕಟ್ಟಬೇಕಾದ ಮನೆಯ ಅಡಿಗಲ್ಲು. ಅವನಿಗೆ ಅವು ಸುಳ್ಳು ಹೇಳಿ ಸಾವಿನ ಅಂಚಿಗೆ ತಂದು ನಿಲ್ಲಿಸಿದ ಭಾರ. ಇಬ್ಬರೂ ತಮ್ಮ ತಮ್ಮ ದೃಷ್ಟಿಯಲ್ಲಿ ಸರಿ. ಇದೇ ಈ ಹಾಸ್ಯಚಿತ್ರದ ಗಟ್ಟಿತನ. ಗಂಡಹೆಂಡಿರ ಜಗಳದಲ್ಲಿ ಒಬ್ಬರನ್ನು ಮೂರ್ಖರನ್ನಾಗಿ ಮಾಡಿ ನಗಿಸುವುದು ಸುಲಭ, ಕನ್ನಡದಲ್ಲೂ ಹಿಂದಿಯಲ್ಲೂ ಅಂಥ ಚಿತ್ರಗಳಿಗೆ ಬರವಿಲ್ಲ. ಇಬ್ಬರ ಮಾತಿಗೂ ತೂಕ ಕೊಟ್ಟು ನಗಿಸುವುದು ಕಷ್ಟ.

ವಠಾರ ಮತ್ತು ಟ್ರೇಲರ್

ಮನೆಯೇ ಪಾತ್ರವಾಗುವ ಹಾಸ್ಯ ನಮ್ಮಲ್ಲಿಲ್ಲವೇ? ಇದೆ. ಫಣಿ ರಾಮಚಂದ್ರ ನಿರ್ದೇಶನದ 'ಗಣೇಶನ ಮದುವೆ' (1990) ನೋಡಿ. ಅಲ್ಲಿ ಓಡುವ ಮನೆಯ ಬದಲು ಅಲುಗಾಡಲೂ ಜಾಗವಿಲ್ಲದ ವಠಾರ. ಮುಖ್ಯಮಂತ್ರಿ ಚಂದ್ರು ಅದರ ಮಾಲೀಕ. ಅನಂತನಾಗ್ ಮತ್ತು ವಿನಯಾ ಪ್ರಸಾದ್ ಅವರ ಪಾತ್ರಗಳು ಎದುರಿಗೆ ಸಿಕ್ಕಿದರೆ ಕಿತ್ತಾಡುತ್ತವೆ, ಬೇರೆ ಹೆಸರಿನ ಪತ್ರಗಳಲ್ಲಿ ಒಬ್ಬರನ್ನೊಬ್ಬರು ಪ್ರೀತಿಸುತ್ತವೆ, ಎರಡೂ ಒಂದೇ ವ್ಯಕ್ತಿ ಎಂಬುದು ಮಾತ್ರ ತಿಳಿಯದು. ಒಬ್ಬರ ಒಗ್ಗರಣೆ ಇನ್ನೊಬ್ಬರ ಮೂಗಿಗೆ ಬರುವ ವಠಾರದಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಗೊತ್ತಿರಬೇಕಾದ ಇಬ್ಬರಿಗೆ ಗೊತ್ತಿರಬೇಕಾದ ಒಂದು ಸಂಗತಿ ಗೊತ್ತಿಲ್ಲ. ವಠಾರ ಇಲ್ಲದಿದ್ದರೆ ಆ ಕಥೆ ಅಷ್ಟು ನಗಿಸುತ್ತಿರಲಿಲ್ಲ. ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಬೆಳೆದವರಿಗೆ ಆ ಇಕ್ಕಟ್ಟು ಅನುಭವ, ಅಮೆರಿಕದವನಿಗೆ ಹೆದ್ದಾರಿ ಅನುಭವ. ನೆರೆಯವರು ನುಗ್ಗುವ ಆ ಟ್ರೇಲರ್ ಪಾರ್ಕನ್ನು ನೋಡಿದರೆ ಮಾತ್ರ, ಅದೂ ಚಕ್ರ ಕಟ್ಟಿದ ವಠಾರವೇ ಅನ್ನಿಸುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಮನೆಗಳ ಕೊರತೆಯಿತ್ತು. ಸೈನ್ಯದಿಂದ ಹಿಂದಿರುಗಿದವರು, ಹೊಸದಾಗಿ ಮದುವೆಯಾದವರು ಎಷ್ಟೋ ಜನ ಇಂಥ ಟ್ರೇಲರುಗಳಲ್ಲೇ ಸಂಸಾರ ಹೂಡಿದರು. ಆದ್ದರಿಂದ ಟೇಸಿಯ ಆಸೆ ಬರೀ ಹುಚ್ಚಾಟವಲ್ಲ, ಆ ಕಾಲದ ಪ್ರೇಕ್ಷಕರಿಗೆ ಅದು ಪಕ್ಕದ ಮನೆಯ ಮಾತು.

ಚಿತ್ರದಲ್ಲಿ ಒಪ್ಪಲಾಗದ್ದೂ ಇದೆ. ಎಲ್ಲಿ ಹೋದರೂ ಅಡುಗೆ ಅವಳದೇ, ಲೆಕ್ಕ ಅವನದೇ. ಹೆಂಡತಿ ಕನಸು ಕಾಣುವವಳು, ಗಂಡ ಬಿಲ್ಲು ಕಟ್ಟುವವನು ಎಂಬ ಹಳೆಯ ಹಂಚಿಕೆಯನ್ನು ಚಿತ್ರ ಪ್ರಶ್ನಿಸುವುದಿಲ್ಲ. ಆದರೆ ಒಂದು ಸಂಗತಿಯನ್ನು ಹಲವರು ಗಮನಿಸುವುದಿಲ್ಲ. ಇಡೀ ಕಥೆಯನ್ನು ನಮಗೆ ಹೇಳುತ್ತಿರುವವನು ನಿಕಿ. ಚಿತ್ರ ಆರಂಭವಾಗುವುದೇ ಮಳೆಯ ರಾತ್ರಿಯಲ್ಲಿ, ಅವನು ತನ್ನ ಗೋಳನ್ನು ಒಬ್ಬ ಅಪರಿಚಿತನ ಮುಂದೆ ತೋಡಿಕೊಳ್ಳುವುದರೊಂದಿಗೆ. ಉಳಿದದ್ದೆಲ್ಲ ಅವನ ನೆನಪು, ಅದೂ ಸಿಟ್ಟಿನಲ್ಲಿರುವವನ ನೆನಪು. ಟ್ರೇಲರ್ ಅಷ್ಟು ಉದ್ದವಾಗಿ, ಕಲ್ಲುಗಳು ಅಷ್ಟು ದಪ್ಪವಾಗಿ, ಸಲಹೆಗಾರರು ಅಷ್ಟು ಗದ್ದಲವಾಗಿ ಕಾಣುವುದಕ್ಕೆ ಅದೂ ಕಾರಣವಿರಬಹುದು. ಇದೇ ಪ್ರಯಾಣವನ್ನು ಟೇಸಿ ಹೇಳಿದ್ದರೆ ಹೇಗಿರುತ್ತಿತ್ತು? ಅಡುಗೆಯ ದೃಶ್ಯ ಎಷ್ಟು ಉದ್ದವಿರುತ್ತಿತ್ತು, ಬ್ರೇಕಿನ ಮಾತು ಎಷ್ಟು ಗಿಡ್ಡವಿರುತ್ತಿತ್ತು? ಕಾಲೇಜಿನಲ್ಲಿ ನಾಟಕ ಆಡುವವರಿದ್ದರೆ ಬೆಟ್ಟದ ದೃಶ್ಯವೊಂದನ್ನು ಅವಳ ಬಾಯಲ್ಲಿ ಬರೆದು ನೋಡಿ. ಎರಡು ಕುರ್ಚಿ ಮುಂದೆ, ನಾಲ್ಕು ಕಲ್ಲು ಹಿಂದೆ ಇದ್ದರೆ ಸಾಕು.

ತೆರೆಯ ಹೊರಗೆ ಬಾಲ್ ಮತ್ತು ಅರ್ನಾಜ್ ದಂಪತಿಗಳು 1960ರಲ್ಲಿ ಬೇರೆಯಾದರು. ತೆರೆಯ ಮೇಲೆ ಮಾತ್ರ ಮಳೆ ಇನ್ನೂ ಸುರಿಯುತ್ತಿರುವಾಗಲೇ ಟೇಸಿ, ನಿಕಿ ಎದುರಾಗುತ್ತಾರೆ, ಇಬ್ಬರೂ ತಪ್ಪಾಯಿತು ಎನ್ನುತ್ತಾರೆ, ಒದ್ದೆಯಾದ ಬಟ್ಟೆಯಲ್ಲೇ ಆ ಹಳದಿ ಮನೆಯೊಳಗೆ ಹೋಗುತ್ತಾರೆ. ಕಲ್ಲುಗಳ ವಿಷಯವನ್ನು ಯಾರೂ ಎತ್ತುವುದಿಲ್ಲ.